ಬಾಗಿದ ಬಾಯಿಯ ದೊರೆಯ ಉಯಿಲು: ಪೋಲೆಂಡ್ ಪಾಲಾದ ಕಥೆ

ಪ್ರಶ್ನೆ: ಪೋಲೆಂಡ್ ಇತಿಹಾಸ ಓದಲು ಶುರು ಮಾಡಿದ್ದೇನೆ. 1138ರಲ್ಲಿ ಮೂರನೇ ಬೊಲೆಸ್ಲಾವ್ ಎಂಬ ದೊರೆ ತೀರಿಕೊಂಡಾಗ ರಾಜ್ಯವನ್ನು ಗಂಡು ಮಕ್ಕಳಿಗೆ ಹಂಚಿದನಂತೆ. ಆಮೇಲೆ ಸುಮಾರು ಇನ್ನೂರು ವರ್ಷ ದೇಶ ಚೂರುಚೂರಾಗಿತ್ತಂತೆ. ಹಿರಿಯ ಮಗನಿಗೇ ಎಲ್ಲ ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ? ಅಷ್ಟು ಬುದ್ಧಿ ಇರಲಿಲ್ಲವೇ? ಕೊನೆಗೆ ಅದನ್ನು ಮತ್ತೆ ಒಂದು ಮಾಡಿದವರು ಯಾರು, ಹೇಗೆ?

ಉತ್ತರ:

ಬೊಲೆಸ್ಲಾವ್‌ಗೆ ಬುದ್ಧಿ ಇರಲಿಲ್ಲ ಎನ್ನುವ ಮೊದಲು ಅವನ ಸ್ವಂತ ಮನೆಯ ಕಥೆ ಕೇಳಿ. ಅಣ್ಣತಮ್ಮಂದಿರ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಅವನ ಅಪ್ಪ ವ್ಲಾಡಿಸ್ಲಾವ್ ಹೆರ್ಮಾನ್. ಅವನಿಗೆ ಇಬ್ಬರು ಗಂಡು ಮಕ್ಕಳು. ದೊಡ್ಡವನು ಜ್‌ಬಿಗ್ನಿಯೆವ್, ಚಿಕ್ಕವನು ನಮ್ಮ ಬೊಲೆಸ್ಲಾವ್. ದೊಡ್ಡವನ ತಾಯಿಯ ಮದುವೆ ಸರಿಯಾದ ಮದುವೆಯೇ ಅಲ್ಲ ಎಂಬ ಮಾತಿತ್ತು. 1102ರಲ್ಲಿ ಅಪ್ಪ ಸತ್ತ. ರಾಜ್ಯ ಇಬ್ಬರ ನಡುವೆ ಹಂಚಿಹೋಯಿತು. ಐದು ವರ್ಷದೊಳಗೆ ತಮ್ಮ ಅಣ್ಣನನ್ನು ಓಡಿಸಿದ. ಅಣ್ಣ ಹೋಗಿ ಜರ್ಮನಿಯ ದೊರೆಯ ಬೆನ್ನಿಗೆ ಬಿದ್ದ. 1109ರಲ್ಲಿ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿತು. ಗ್ವೊಗುಫ್ ಕೋಟೆಯವರು ಒತ್ತೆಯಾಗಿ ಕೊಟ್ಟಿದ್ದ ಮಕ್ಕಳನ್ನು ಕೋಟೆ ಒಡೆಯುವ ಯಂತ್ರಗಳಿಗೆ ಕಟ್ಟಿ ಮುಂದೆ ತಂದರು ಎಂದು ಆ ಕಾಲದ ಬರಹಗಾರ ಗಾಲಸ್ ಬರೆದಿದ್ದಾನೆ. ಕೋಟೆಯವರು ಆದರೂ ಬಾಗಿಲು ತೆರೆಯಲಿಲ್ಲ. ಕೆಲವು ವರ್ಷಗಳ ನಂತರ ಜ್‌ಬಿಗ್ನಿಯೆವ್ ರಾಜಿ ಮಾಡಿಕೊಂಡು ಊರಿಗೆ ಬಂದ. ಬೊಲೆಸ್ಲಾವ್ ಅವನ ಕಣ್ಣು ಕೀಳಿಸಿದ. ಆಮೇಲೆ ಪಾಪ ಕಳೆದುಕೊಳ್ಳಲು ಹಂಗೇರಿಯ ಸಂತ ಗೈಲ್ಸ್ ಮಠದವರೆಗೆ ಯಾತ್ರೆ ಹೋದ, ಗ್ನಿಯೆಜ್ನೊದಲ್ಲೂ ಪ್ರಾಯಶ್ಚಿತ್ತ ಮಾಡಿಕೊಂಡ.

ಇಷ್ಟೇ ಅಲ್ಲ. ಇದೇ ಪಿಯಾಸ್ಟ್ ಮನೆತನದಲ್ಲಿ ಮೊದಲನೇ ಮಿಯೆಷ್ಕೊ 992ರಲ್ಲಿ ಸತ್ತಾಗ, ಅವನ ದೊಡ್ಡ ಮಗ ಮಲತಾಯಿಯನ್ನೂ ಮಲತಮ್ಮಂದಿರನ್ನೂ ದೇಶದಿಂದಲೇ ಅಟ್ಟಿ ಎಲ್ಲವನ್ನೂ ತಾನೇ ಇಟ್ಟುಕೊಂಡಿದ್ದ. ಅಂದರೆ, ನೀವು ಹೇಳಿದ ‘ಹಿರಿಯನಿಗೇ ಎಲ್ಲ’ ಎಂಬ ದಾರಿ ಆ ಮನೆಗೆ ಗೊತ್ತಿತ್ತು. ಆದರೆ ಅದು ಕಾನೂನಾಗಿ ಬರುತ್ತಿರಲಿಲ್ಲ. ಕತ್ತಿ ಹಿಡಿದುಕೊಂಡು ಬರುತ್ತಿತ್ತು. ಆ ಕಾಲದ ಲೆಕ್ಕದಲ್ಲಿ ರಾಜ್ಯ ಎಂದರೆ ಮನೆತನದ ಆಸ್ತಿ. ಗಂಡು ಮಗನಾಗಿ ಹುಟ್ಟಿದವನಿಗೆ ಅದರಲ್ಲಿ ಹಿಸ್ಸೆ ಉಂಟು. ಹಿಸ್ಸೆ ಕೊಡದೆ ಬಿಟ್ಟ ತಮ್ಮ ಸುಮ್ನೆ ಮನೆಯಲ್ಲಿ ಕೂರುವುದಿಲ್ಲ. ಪಕ್ಕದ ದೇಶದ ಸೇನೆ ಕರೆದುಕೊಂಡು ಬರುತ್ತಾನೆ.

ಬೊಲೆಸ್ಲಾವ್‌ನ ಮುಂದಿದ್ದ ಸಮಸ್ಯೆ ಇನ್ನೂ ದೊಡ್ಡದು. ಅವನಿಗೆ ಇಬ್ಬರು ಹೆಂಡಿರು. ಮೊದಲನೆಯವಳು ಕೀವ್‌ನ ರಾಜಕುಮಾರಿ. ಅವಳ ಮಗ ವ್ಲಾಡಿಸ್ಲಾವ್‌ಗೆ ಅಪ್ಪ ಸಾಯುವ ಹೊತ್ತಿಗೆ ಮೂವತ್ತು ದಾಟಿತ್ತು. ಎರಡನೆಯವಳು ಜರ್ಮನಿಯ ಬೆರ್ಗ್ ಮನೆತನದ ಸಲೋಮಿಯಾ. ಅವಳ ಮಕ್ಕಳು ಬೊಲೆಸ್ಲಾವ್, ಮಿಯೆಷ್ಕೊ, ಹೆನ್ರಿಕ್, ಕಾಜಿಮಿರ್. ಮೊದಲಿಬ್ಬರಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಕಾಜಿಮಿರ್ ಅಪ್ಪ ಸತ್ತ ವರ್ಷವೇ ಹುಟ್ಟಿದ ಕೂಸು. ತನ್ನ ಅಣ್ಣನಿಗೆ ತಾನು ಮಾಡಿದ್ದನ್ನು ದೊಡ್ಡ ಮಗ ಈ ಮಲತಮ್ಮಂದಿರಿಗೆ ಮಾಡುವುದಿಲ್ಲ ಎಂದು ಅಪ್ಪ ನಂಬುವುದಾದರೂ ಹೇಗೆ?

ಹಾಗಾಗಿ ಉಯಿಲು. ಮೂಲಪ್ರತಿ ಉಳಿದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮಗೆ ಗೊತ್ತಿರುವುದು ಮುಖ್ಯವಾಗಿ ಕ್ರಾಕೋವ್‌ನ ಬಿಷಪ್ ವಿನ್ಸೆಂಟಿ ಕಾಡ್ಲುಬೆಕ್ ನಂತರ ಬರೆದದ್ದು ಮತ್ತು 1210ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಹೊರಡಿಸಿದ ಪತ್ರದಲ್ಲಿನ ಉಲ್ಲೇಖ. ಆದ್ದರಿಂದ ಗಡಿಗಳ ಬಗ್ಗೆ ಇತಿಹಾಸಕಾರರು ಇವತ್ತಿಗೂ ಕಿತ್ತಾಡುತ್ತಾರೆ. ಒಟ್ಟು ಚಿತ್ರ ಹೀಗಿದೆ. ದೊಡ್ಡ ಮಗ ವ್ಲಾಡಿಸ್ಲಾವ್‌ಗೆ ಸಿಲೇಸಿಯಾ. ಬೊಲೆಸ್ಲಾವ್‌ಗೆ ಮಜೋವಿಯಾ. ಮಿಯೆಷ್ಕೊಗೆ ಪೊಜ್ನಾನ್ ಕಡೆಯ ಭೂಮಿ, ಅಂದರೆ ‘ಹಿರಿಯ ಪೋಲೆಂಡ್’ ಎಂದು ಹೆಸರಿದ್ದ ಸೀಮೆಯ ಪಶ್ಚಿಮ ಭಾಗ. ಹೆನ್ರಿಕ್‌ಗೆ ಸಾಂಡೊಮಿಯೆಜ್. ವಿಧವೆ ಸಲೋಮಿಯಾಗೆ ಅವಳು ಬದುಕಿರುವ ತನಕ ವೆಂಚಿತ್ಸಾ. ಕೂಸು ಕಾಜಿಮಿರ್‌ಗೆ ಏನೂ ಇಲ್ಲ.

ಇವೆಲ್ಲದರ ಮೇಲೆ ಇನ್ನೊಂದು ಪಾಲು. ಅದರಲ್ಲಿ ಕ್ರಾಕೋವ್ ಇತ್ತು, ಗ್ನಿಯೆಜ್ನೊ ಇತ್ತು. ಅದು ಮನೆತನದಲ್ಲಿ ಯಾರು ವಯಸ್ಸಿನಲ್ಲಿ ಹಿರಿಯನೋ ಅವನಿಗೆ. ಅವನೇ ಯಜಮಾನ. ಹೊರದೇಶದ ವ್ಯವಹಾರ, ದೊಡ್ಡ ಸೇನೆ, ಬಿಷಪ್‌ಗಳ ನೇಮಕ ಅವನ ಕೈಯಲ್ಲಿ. ಅವನು ಸತ್ತರೆ ಆ ಪಾಲು ಅವನ ಮಗನಿಗೆ ಹೋಗುವುದಿಲ್ಲ, ಮುಂದಿನ ಹಿರಿಯನಿಗೆ ಹೋಗುತ್ತದೆ. ಇದಕ್ಕೆ ‘ಸೆನಿಯೊರಾಟ್’ ಎಂದು ಹೆಸರು. ಇದು ಪೋಲೆಂಡಿನವರ ಸ್ವಂತ ಆವಿಷ್ಕಾರವೇನಲ್ಲ. ಬೊಹೆಮಿಯಾದಲ್ಲಿ, ಕೀವ್‌ನಲ್ಲಿ 1050ರ ದಶಕದಲ್ಲೇ ಇಂಥದ್ದನ್ನು ಮಾಡಿ ನೋಡಿದ್ದರು. ಅಲ್ಲಿಯೂ ಚಿಕ್ಕಪ್ಪ ದೊಡ್ಡಪ್ಪಂದಿರು ಬಡಿದಾಡಿದ್ದರು. ಅದು ಬೇರೆ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ರಗಳೆ ಹುಟ್ಟಿದ್ದು ಈ ಕೊನೆಯ ಪಾಲಿನಿಂದ. ಪೊಜ್ನಾನ್, ಮಜೋವಿಯಾ, ಸಾಂಡೊಮಿಯೆಜ್ ಹಂಚಿಕೆ ತಕ್ಕಮಟ್ಟಿಗೆ ನಿಂತಿತು. ಕ್ರಾಕೋವ್ ಮಾತ್ರ ನಿಲ್ಲಲಿಲ್ಲ. ಯಾಕೆ ಅಂತೀರಾ? ಬಾಡಿಗೆ ಮನೆಯಲ್ಲಿ ಇರುವವನಿಗೆ ಆ ಮನೆ ಊರಿಗೇ ದೊಡ್ಡದಾಗಿದ್ದರೆ ಹೇಗಿರುತ್ತದೆ ಯೋಚಿಸಿ. ಕ್ರಾಕೋವ್ ಸೀಮೆ ಸಿರಿವಂತ ಸೀಮೆ, ಉಪ್ಪಿನ ಆದಾಯ ಬೇರೆ. ಅಲ್ಲಿ ಕೂತ ಪ್ರತಿಯೊಬ್ಬನಿಗೂ ಅದನ್ನು ತನ್ನ ಮಗನಿಗೆ ದಾಟಿಸುವ ಆಸೆ. ಅಲ್ಲಿ ಕೂರದ ಪ್ರತಿಯೊಬ್ಬನಿಗೂ ಸರದಿ ತಪ್ಪಿಹೋಗುವ ಭಯ. ಜೊತೆಗೆ ಇನ್ನೊಂದು ಕೊಕ್ಕೆ. ಹಿರಿಯ ಎಂದರೆ ಯಾರು? ಸತ್ತವನ ತಮ್ಮನೋ, ಅಥವಾ ಮನೆತನದ ಹಿರಿಯ ಕವಲಿನ ಮಗನೋ? ಒಂದು ತಲೆಮಾರಿನಲ್ಲಿ ಉತ್ತರ ಸುಲಭ. ಎರಡನೇ ತಲೆಮಾರಿಗೆ ಬಂದಾಗ ಚಿಕ್ಕಪ್ಪನಿಗಿಂತ ಅಣ್ಣನ ಮಗ ತಾನೇ ವಾರಸುದಾರ ಎನ್ನತೊಡಗುತ್ತಾನೆ.

ಎಂಟು ವರ್ಷದೊಳಗೇ ಬಿರುಕು ಬಂತು. ಸಲೋಮಿಯಾ ಗಟ್ಟಿ ಹೆಂಗಸು. 1141ರಲ್ಲಿ ವೆಂಚಿತ್ಸಾದಲ್ಲಿ ತನ್ನ ಮಕ್ಕಳನ್ನೂ ಹಿರಿಯ ಸರದಾರರನ್ನೂ ಸೇರಿಸಿ, ಮೂರು ವರ್ಷದ ಮಗಳು ಅಗ್ನಿಯೆಷ್ಕಾಳನ್ನು ಕೀವ್‌ನ ರಾಜಕುಮಾರನಿಗೆ ಕೊಡುವ ಮಾತು ಎತ್ತಿದಳು. ಮನೆಯ ಯಜಮಾನ ವ್ಲಾಡಿಸ್ಲಾವ್‌ಗೆ ಹೇಳಲೇ ಇಲ್ಲ. ಜರ್ಮನಿಯ ತ್ಸ್ವೀಫಾಲ್ಟನ್ ಮಠದ ಒರ್ಟ್‌ಲಿಬ್ ಎಂಬ ಸನ್ಯಾಸಿ ಆಗ ಅಲ್ಲಿಗೆ ಹೋಗಿದ್ದ. ಆತ ಬರೆದಿಟ್ಟಿದ್ದರಿಂದ ನಮಗೆ ಇದು ಗೊತ್ತು. ವ್ಲಾಡಿಸ್ಲಾವ್ ಸುಮ್ಮನಿರಲಿಲ್ಲ. ತಾನೇ ಕೀವ್‌ನೊಡನೆ ಬೀಗತನ ಬೆಳೆಸಿ, ತನ್ನ ಮಗನಿಗೆ ಅಲ್ಲಿಯ ಹೆಣ್ಣು ತಂದ.

1144ರಲ್ಲಿ ಸಲೋಮಿಯಾ ತೀರಿಕೊಂಡಳು. ವೆಂಚಿತ್ಸಾ ಯಜಮಾನನ ಪಾಲಿಗೆ ಮರಳಬೇಕಿತ್ತು. ತಮ್ಮಂದಿರು ಕೊಡಲಿಲ್ಲ. ಇದೇ ಹೊತ್ತಿನಲ್ಲಿ ವ್ಲಾಡಿಸ್ಲಾವ್ ಒಂದು ದೊಡ್ಡ ತಪ್ಪು ಮಾಡಿದ. ಪ್ಯೊತ್ರ್ ವ್ಲೊಸ್ತೊವಿತ್ಸ್ ಎಂಬ ಬಲಾಢ್ಯ ಸರದಾರನನ್ನು ಹಿಡಿಸಿ, ಕಣ್ಣು ಕೀಳಿಸಿ, ನಾಲಿಗೆಗೂ ಕತ್ತಿ ಹಾಕಿಸಿದ. ಊರಿನ ಸರದಾರರೆಲ್ಲ ಹೆದರಿ ತಮ್ಮಂದಿರ ಕಡೆ ಸೇರಿದರು. 1146ರಲ್ಲಿ ವ್ಲಾಡಿಸ್ಲಾವ್ ತಮ್ಮಂದಿರನ್ನು ಪೊಜ್ನಾನ್ ಕೋಟೆಯಲ್ಲಿ ಮುತ್ತಿದ. ಗ್ನಿಯೆಜ್ನೊದ ಆರ್ಚ್‌ಬಿಷಪ್ ಯಾಕುಬ್ ಅವನಿಗೆ ಬಹಿಷ್ಕಾರ ಹಾಕಿದ. ಸೋತ ಅಣ್ಣ ಜರ್ಮನಿಗೆ ಓಡಿದ, ಆಲ್ಟೆನ್‌ಬರ್ಗ್‌ನಲ್ಲಿ ನೆಲೆಸಿದ. ಅವನ ಹೆಂಡತಿ ಆಗಿನ ಜರ್ಮನ್ ದೊರೆ ಮೂರನೇ ಕೊನ್ರಾಡ್‌ನ ಮಲತಂಗಿ. ಆದರೂ 1159ರಲ್ಲಿ ಸಾಯುವ ತನಕ ಅವನಿಗೆ ಊರಿಗೆ ಮರಳಲು ಆಗಲಿಲ್ಲ. ಪೋಲೆಂಡಿನವರು ಅವನನ್ನು ‘ದೇಶಭ್ರಷ್ಟ’ ಎಂದೇ ಕರೆಯುತ್ತಾರೆ. 1163ರಲ್ಲಿ ಜರ್ಮನ್ ಒತ್ತಡಕ್ಕೆ ಮಣಿದು ಅವನ ಮಕ್ಕಳಿಗೆ ಸಿಲೇಸಿಯಾ ವಾಪಸ್ ಕೊಟ್ಟರು. ಆದರೆ ಕ್ರಾಕೋವ್ ಕೊಡಲಿಲ್ಲ.

ನೋಡಿ, ವ್ಯವಸ್ಥೆಯ ಮೊದಲ ಯಜಮಾನನನ್ನೇ ಹೊರಗೆ ಹಾಕಿದ್ದಾಯಿತು. ಆಮೇಲೆ ಹಿರಿತನಕ್ಕೆ ಏನು ಬೆಲೆ? ಎರಡನೆಯವನು ಗುಂಗುರು ಕೂದಲಿನ ಬೊಲೆಸ್ಲಾವ್ 1173ರವರೆಗೆ ಆಳಿದ. ಮೂರನೆಯವನು ಮಿಯೆಷ್ಕೊ ಬಂದ. ಕೈ ಬಿಗಿ, ದಂಡ ಜಾಸ್ತಿ. ಹಳೆಯ ನಾಣ್ಯ ವಾಪಸ್ ತೆಗೆದುಕೊಂಡು ಕಡಿಮೆ ಬೆಳ್ಳಿಯ ಹೊಸದನ್ನು ಕೊಡುವ ಆಟ ಬೇರೆ. ಅವನ ಟಂಕಸಾಲೆ ಯೆಹೂದಿಗಳ ಕೈಯಲ್ಲಿತ್ತು. ಹೀಬ್ರೂ ಅಕ್ಷರದ ತೆಳು ಬೆಳ್ಳಿ ನಾಣ್ಯಗಳು ಇವತ್ತಿಗೂ ಸಿಗುತ್ತವೆ. 1177ರಲ್ಲಿ ಕ್ರಾಕೋವ್‌ನ ಬಿಷಪ್ ಗೆಡ್ಕೊ ಮತ್ತು ಸರದಾರರು ಸೇರಿ ಅವನನ್ನು ಓಡಿಸಿ, ಕೊನೆಯ ತಮ್ಮ ಕಾಜಿಮಿರ್‌ನನ್ನು ಕೂರಿಸಿದರು. ಹೌದು, ಉಯಿಲಿನಲ್ಲಿ ಏನೂ ಸಿಗದ ಆ ಕೂಸೇ. ಅಷ್ಟೊತ್ತಿಗೆ ಅಣ್ಣ ಹೆನ್ರಿಕ್ 1166ರಲ್ಲಿ ಪ್ರಷ್ಯನ್ನರ ಮೇಲಿನ ಯುದ್ಧದಲ್ಲಿ ಸತ್ತು, ಅವನ ಸೀಮೆಯಲ್ಲಿ ಒಂದಿಷ್ಟು ಕಾಜಿಮಿರ್‌ಗೆ ಬಂದಿತ್ತು.

1177ರ ಈ ಘಟನೆ ನನಗೆ 1138ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇನ್ನು ಮುಂದೆ ಕ್ರಾಕೋವ್‌ಗೆ ಯಾರು ಎಂಬುದನ್ನು ವಯಸ್ಸು ಹೇಳುವುದಿಲ್ಲ, ಅಲ್ಲಿಯ ಸರದಾರರು ಹೇಳುತ್ತಾರೆ. ಅವರಿಗೆ ಬೇಕಾದದ್ದು ಹದ್ದುಬಸ್ತಿನಲ್ಲಿರುವ ದೊರೆ. 1194ರಲ್ಲಿ ಕಾಜಿಮಿರ್ ಸತ್ತಾಗ ಹಿರಿಯನಾದ ಮಿಯೆಷ್ಕೊ ಇನ್ನೂ ಬದುಕಿದ್ದ. ಆದರೂ ಸರದಾರರು ಸತ್ತವನ ಪುಟ್ಟ ಮಗ ಲೆಷೆಕ್‌ನನ್ನು ಆರಿಸಿದರು. ಮುಂದಿನ ವರ್ಷ ಮೊಜ್ಗಾವಾ ನದಿಯ ಬಳಿ ಯುದ್ಧವಾಯಿತು. ಮಿಯೆಷ್ಕೊಗೆ ಗಾಯ, ಅವನ ಒಬ್ಬ ಮಗ ಸತ್ತ. ಆದರೂ ಮುದುಕ ಬಿಡಲಿಲ್ಲ. 1202ರಲ್ಲಿ ಸಾಯುವಾಗ ಮತ್ತೆ ಕ್ರಾಕೋವ್ ಗದ್ದುಗೆಯ ಮೇಲೆಯೇ ಇದ್ದ! ಅವನ ಬಗ್ಗೆ ಕೆಟ್ಟದ್ದು ಬರೆದ ಕಾಡ್ಲುಬೆಕ್ ಕಾಜಿಮಿರ್ ಕಡೆಯವನು ಎಂಬುದನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಂದ ಮುಂದೆ ಹೆಸರುಗಳ ಕಾಡು. ಬೊಲೆಸ್ಲಾವ್, ವ್ಲಾಡಿಸ್ಲಾವ್, ಮಿಯೆಷ್ಕೊ, ಹೆನ್ರಿಕ್, ಮತ್ತೆ ಬೊಲೆಸ್ಲಾವ್. ತಾತನ ಹೆಸರು ಮೊಮ್ಮಗನಿಗೆ ಇಡುವುದು ನಮಗೂ ಹೊಸದಲ್ಲ. ಆದರೆ ಒಂದೇ ಕಾಲಕ್ಕೆ ಮೂವರು ಬೊಲೆಸ್ಲಾವ್‌ಗಳು ಆಳುತ್ತಿದ್ದರೆ ಗುರುತಿಸುವುದು ಹೇಗೆ? ಅದಕ್ಕೇ ಅಡ್ಡಹೆಸರು. ಉಯಿಲು ಬರೆದವನು ಬಾಗಿದ ಬಾಯಿಯವನು. ಮಿಯೆಷ್ಕೊನ ಮಗನೊಬ್ಬ ಕಡ್ಡಿಕಾಲಿನವನು. ಸಿಲೇಸಿಯಾದಲ್ಲಿ ತೊಡರುಗಾಲಿನವನು, ಗಡ್ಡದವನು, ಬೋಳುತಲೆಯವನು, ಹೊಟ್ಟೆಯವನು. ದೇಶ ಒಂದು ಮಾಡಿದವನಿಗಂತೂ ಮೊಳದುದ್ದದವನು ಎಂದು ಹೆಸರು. ನೀವು ಓದುವಾಗ ಅಂಕಿಗಳನ್ನು ಬಿಟ್ಟು ಅಡ್ಡಹೆಸರನ್ನೇ ಹಿಡಿದುಕೊಳ್ಳಿ, ತಲೆನೋವು ಅರ್ಧ ಕಡಿಮೆಯಾಗುತ್ತದೆ.

1227ರ ನವೆಂಬರ್‌ನಲ್ಲಿ ಗಾನ್ಸಾವಾ ಎಂಬ ಊರಿನಲ್ಲಿ ಡ್ಯೂಕ್‌ಗಳೆಲ್ಲ, ಅಂದರೆ ಒಂದೊಂದು ಪಾಲನ್ನು ಆಳುತ್ತಿದ್ದ ದೊರೆಗಳು, ಸೇರಿದ್ದರು. ಜಗಳ ಬಗೆಹರಿಸುವ ಸಭೆ. ಪೊಮೆರಾನಿಯಾದ ಕಡೆಯವರು ಇದ್ದಕ್ಕಿದ್ದಂತೆ ದಾಳಿ ಮಾಡಿದರು. ಸ್ನಾನದ ಮನೆಯಲ್ಲಿದ್ದ ಲೆಷೆಕ್ ಮೈಮೇಲೆ ಬಟ್ಟೆಯಿಲ್ಲದೆ ಕುದುರೆ ಹತ್ತಿ ಓಡಿದ, ಪಕ್ಕದ ಹಳ್ಳಿಯಲ್ಲಿ ಕೊಂದರು ಎಂದು ಹೇಳುತ್ತಾರೆ. ಅಲ್ಲಿಗೆ ‘ಎಲ್ಲರ ಮೇಲೊಬ್ಬ ಹಿರಿಯ’ ಎಂಬ ಕಲ್ಪನೆ ಹೆಚ್ಚುಕಡಿಮೆ ಮುಗಿಯಿತು. ಲೆಷೆಕ್‌ನ ತಮ್ಮ ಮಜೋವಿಯಾದ ಕೊನ್ರಾಡ್ ಕ್ರಾಕೋವ್‌ಗಾಗಿ ವರ್ಷಗಟ್ಟಲೆ ಹೊಡೆದಾಡಿದ. ತನ್ನ ಉತ್ತರದ ಗಡಿಯಲ್ಲಿ ಪ್ರಷ್ಯನ್ನರ ಕಾಟ ತಡೆಯಲು ಟ್ಯೂಟಾನಿಕ್ ನೈಟ್ಸ್ ಎಂಬ ಜರ್ಮನ್ ಯೋಧ ಸನ್ಯಾಸಿಗಳನ್ನು ಕರೆಸಿದವನೂ ಅವನೇ. ಕರೆಸಿದವರು ಹೋಗಲೇ ಇಲ್ಲ. ಮುಂದೆ ಪೋಲೆಂಡ್ ಅವರೊಡನೆ ಮತ್ತೆ ಮತ್ತೆ ಯುದ್ಧ ಮಾಡಬೇಕಾಯಿತು.

ಹಂಚಿಕೆ ಒಂದು ಹುಚ್ಚಿನಂತೆ ಬೆಳೆದದ್ದು ಸಿಲೇಸಿಯಾದಲ್ಲಿ. ಗಡ್ಡದ ಹೆನ್ರಿಕ್ ಮತ್ತು ಅವನ ಮಗ ಧರ್ಮಿಷ್ಠ ಹೆನ್ರಿಕ್ ಸಿಲೇಸಿಯಾ, ಕ್ರಾಕೋವ್, ಹಿರಿಯ ಪೋಲೆಂಡ್‌ನ ಒಂದು ಭಾಗವನ್ನು ಕೂಡಿಸಿ, ದೇಶ ಒಂದು ಮಾಡುವ ಹತ್ತಿರಕ್ಕೆ ಬಂದಿದ್ದರು. 1241ರ ಏಪ್ರಿಲ್ 9ರಂದು ಲೆಗ್ನಿತ್ಸಾದಲ್ಲಿ ಮಂಗೋಲರು ಮಗನನ್ನು ಕೊಂದರು. ಉಳಿದದ್ದು ಅವನ ಗಂಡು ಮಕ್ಕಳು ಮತ್ತು ಅವರ ಜಗಳ.

1248ರಲ್ಲಿ ಆ ಮಕ್ಕಳಲ್ಲಿ ದೊಡ್ಡವನಾದ ಬೋಳುತಲೆಯ ಬೊಲೆಸ್ಲಾವ್ ಲೆಗ್ನಿತ್ಸಾ ತೆಗೆದುಕೊಂಡ. ಅಲ್ಲಿ ಚಿನ್ನ ಸಿಕ್ಕಿದೆ ಎಂಬ ಆಸೆಗೆ ಅದನ್ನೇ ಆರಿಸಿಕೊಂಡನಂತೆ. ತಮ್ಮ ಹೆನ್ರಿಕ್‌ಗೆ ವ್ರೊತ್ಸ್ವಾಫ್. ಇನ್ನಿಬ್ಬರನ್ನು ಚರ್ಚ್‌ಗೆ ಬಿಟ್ಟಿದ್ದರು. ಒಬ್ಬೊಬ್ಬ ಅಣ್ಣನ ಹೊಣೆಗೆ ಒಬ್ಬೊಬ್ಬ ಪಾದ್ರಿ ತಮ್ಮ ಎಂಬ ಏರ್ಪಾಡು. ಪಾಲು ಕಡಿಮೆ ಮಾಡುವ ಹಳೆಯ ಉಪಾಯ ಇದು. ಒಬ್ಬ ಒಪ್ಪಿದ, ಮುಂದೆ ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಆದ. ಇನ್ನೊಬ್ಬ ಕೊನ್ರಾಡ್‌ಗೆ ಬಿಷಪ್ ಪದವಿ ಹತ್ತಿರ ಬಂದಿತ್ತು. ಅದನ್ನು ಬಿಟ್ಟು ಬಂದು ‘ನನ್ನ ಪಾಲೆಲ್ಲಿ?’ ಎಂದ. ಬೊಲೆಸ್ಲಾವ್ ಕೊಡಲಿಲ್ಲ. ಕೊನ್ರಾಡ್ ಇನ್ನೊಬ್ಬ ಅಣ್ಣನನ್ನು ಕಟ್ಟಿಕೊಂಡು 1251ರ ಹೊತ್ತಿಗೆ ಗ್ವೊಗುಫ್ ಕಿತ್ತುಕೊಂಡ. ಈ ಖರ್ಚಿಗೆಲ್ಲ ದುಡ್ಡು, ಸೈನ್ಯ ಬೇಕಲ್ಲ? ಬೊಲೆಸ್ಲಾವ್ ಲುಬುಷ್ ಸೀಮೆಯನ್ನು ಮಾಗ್ಡೆಬರ್ಗ್‌ನ ಆರ್ಚ್‌ಬಿಷಪ್‌ಗೂ ಬ್ರಾಂಡೆನ್‌ಬರ್ಗ್‌ನವರಿಗೂ ಬಿಟ್ಟುಕೊಟ್ಟ. ಓಡರ್ ನದಿಯ ಬಾಗಿಲು ಅದು. ಪಿತ್ರಾರ್ಜಿತ ಆಸ್ತಿಯನ್ನು ಮಾರಿ ಅಣ್ಣತಮ್ಮಂದಿರ ಮೇಲೆ ಕೇಸು ನಡೆಸುವವರನ್ನು ನಾವೂ ನೋಡಿದ್ದೇವೆ, ಅಲ್ವಾ?

ಮುಂದಿನ ತಲೆಮಾರು ಇನ್ನೂ ಘೋರ. 1290ರಲ್ಲಿ ವ್ರೊತ್ಸ್ವಾಫ್‌ನ ನಾಲ್ಕನೇ ಹೆನ್ರಿಕ್ ಮಕ್ಕಳಿಲ್ಲದೆ ಸತ್ತ. ಉಯಿಲಿನಲ್ಲಿ ತನ್ನ ಊರನ್ನು ಗ್ವೊಗುಫ್‌ನ ಹೆನ್ರಿಕ್‌ಗೆ ಬರೆದಿದ್ದ. ಊರಿನವರು ಅವನನ್ನು ಬಿಟ್ಟು ಲೆಗ್ನಿತ್ಸಾದ ಹೊಟ್ಟೆ ಹೆನ್ರಿಕ್‌ನನ್ನು ಕರೆದರು. ಇಬ್ಬರೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. 1293ರಲ್ಲಿ ಹೊಟ್ಟೆ ಹೆನ್ರಿಕ್ ವ್ರೊತ್ಸ್ವಾಫ್‌ನಲ್ಲಿ ಸ್ನಾನ ಮಾಡುತ್ತಿದ್ದಾಗ ಅವನದೇ ಆಸ್ಥಾನದ ಲುಟ್ಕೊ ಎಂಬ ಸರದಾರ ಹಿಡಿದು ದಾಯಾದಿಗೆ ಒಪ್ಪಿಸಿದ. ಈ ಲುಟ್ಕೊನ ಅಪ್ಪನಿಗೆ ಹೆನ್ರಿಕ್ ಮರಣದಂಡನೆ ಕೊಡಿಸಿದ್ದ. ಗ್ವೊಗುಫ್‌ನವನು ಕಬ್ಬಿಣದ ಪಂಜರ ಮಾಡಿಸಿ ಅವನನ್ನು ಅದರಲ್ಲಿ ಆರು ತಿಂಗಳು ಕೂಡಿ ಹಾಕಿದ. ನೆಟ್ಟಗೆ ನಿಲ್ಲಲೂ ಆಗದು, ಕಾಲು ಚಾಚಿ ಮಲಗಲೂ ಆಗದು. ಊರುಗಳ ಪಟ್ಟಿಗೆ ಒಪ್ಪಿದ ಮೇಲೆ ಬಿಟ್ಟ. ಆರೋಗ್ಯ ಮರಳಲಿಲ್ಲ, 1296ರಲ್ಲಿ ಸತ್ತ. ಪಿಯಾಸ್ಟ್ ಡ್ಯೂಕ್‌ಗಳಿಗೆ ಸ್ನಾನದ ಮನೆ ಒಳ್ಳೆಯದಾಗಿ ಬರಲಿಲ್ಲ.

ಇಷ್ಟೆಲ್ಲ ಓದಿ ಆ ಕಾಲವೇ ಕತ್ತಲೆ ಎಂದುಕೊಳ್ಳಬೇಡಿ. ಪಾಲು ಸಣ್ಣದಾದಷ್ಟೂ ಡ್ಯೂಕ್‌ಗೆ ಆದಾಯದ ಚಿಂತೆ ಹೆಚ್ಚು. ಕಾಡು ಕಡಿಸಬೇಕು, ಒಕ್ಕಲು ಕರೆಸಬೇಕು, ಸಂತೆ ಕಟ್ಟಬೇಕು. 1253ರಲ್ಲಿ ಪೊಜ್ನಾನ್, 1257ರಲ್ಲಿ ಕ್ರಾಕೋವ್ ಜರ್ಮನ್ ಮಾದರಿಯ ಪಟ್ಟಣ ಕಾನೂನು ಪಡೆದವು. ಇವತ್ತು ಪ್ರವಾಸಿಗರು ನಿಂತು ಫೋಟೊ ತೆಗೆಯುವ ಕ್ರಾಕೋವ್‌ನ ಆ ದೊಡ್ಡ ಚೌಕ 1257ರ ನಕ್ಷೆಯದು. 1264ರಲ್ಲಿ ಯೆಹೂದಿಗಳಿಗೆ ರಕ್ಷಣೆ ಕೊಟ್ಟ ಪ್ರಸಿದ್ಧ ಶಾಸನ ಹೊರಡಿಸಿದ್ದು ಕಾಲಿಷ್‌ನ ಡ್ಯೂಕ್ ಬೊಲೆಸ್ಲಾವ್. ಅವನನ್ನೂ ಒಂದು ಕಾಲದಲ್ಲಿ ಅವನ ಅಣ್ಣ ಮೂರು ವರ್ಷ ಸೆರೆಯಲ್ಲಿಟ್ಟಿದ್ದ!

ಈಗ ನಿಮ್ಮ ಕೊನೆಯ ಪ್ರಶ್ನೆ. ಒಂದು ಮಾಡಿದವರು ಯಾರು? ಚರ್ಚ್‌ಗೆ ದೊಡ್ಡ ಪಾಲಿದೆ. ಡ್ಯೂಕ್‌ಗಳು ಎಷ್ಟೇ ಇದ್ದರೂ ಆರ್ಚ್‌ಬಿಷಪ್ ಒಬ್ಬನೇ, ಗ್ನಿಯೆಜ್ನೊದಲ್ಲಿ. 1253ರಲ್ಲಿ ಸಂತ ಪದವಿ ಪಡೆದ ಬಿಷಪ್ ಸ್ತನಿಸ್ಲಾವ್‌ನ ಕಥೆಯನ್ನು ಪಾದ್ರಿಗಳು ಎಲ್ಲೆಡೆ ಸಾರಿದರು. ದೊರೆ ಅವನ ದೇಹವನ್ನು ತುಂಡು ತುಂಡು ಮಾಡಿಸಿದ್ದನಂತೆ, ತುಂಡುಗಳು ತಾವೇ ಕೂಡಿಕೊಂಡವಂತೆ. ರಾಜ್ಯವೂ ಹಾಗೆಯೇ ಕೂಡುತ್ತದೆ ಎಂಬುದು ಅದರ ಮರ್ಮ.

ಆದರೆ ನೆಲದ ಮೇಲೆ ಕೆಲಸ ಮಾಡಿದ್ದು ಇನ್ನೊಂದು ಸಂಗತಿ. ಗಂಡು ಮಕ್ಕಳಿಲ್ಲದೆ ಸತ್ತವರು. ಇದನ್ನು ಪುಸ್ತಕಗಳಲ್ಲಿ ಅಷ್ಟು ಎತ್ತಿ ಹೇಳುವುದಿಲ್ಲ, ವೀರಾವೇಶ ಇಲ್ಲವಲ್ಲ. ಕಾಲಿಷ್‌ನ ಆ ಬೊಲೆಸ್ಲಾವ್ 1279ರಲ್ಲಿ ಗಂಡು ಸಂತಾನವಿಲ್ಲದೆ ಸತ್ತ, ಹಿರಿಯ ಪೋಲೆಂಡ್ ಪೂರ್ತಿ ಅಣ್ಣನ ಮಗ ಎರಡನೇ ಪ್ಷೆಮಿಸ್ವಾಫ್‌ಗೆ ಬಂತು. ಪೂರ್ವ ಪೊಮೆರಾನಿಯಾದ ಮ್‌ಸ್ತ್‌ವಿನ್‌ಗೂ ಗಂಡು ಮಕ್ಕಳಿರಲಿಲ್ಲ. 1282ರಲ್ಲಿ ಕೆಂಪ್ನೊ ಎಂಬಲ್ಲಿ ತನ್ನ ಸೀಮೆಯನ್ನು ಇದೇ ಪ್ಷೆಮಿಸ್ವಾಫ್‌ಗೆ ಬರೆದುಕೊಟ್ಟ. ಮ್‌ಸ್ತ್‌ವಿನ್ 1294ರಲ್ಲಿ ಸತ್ತ. ಮುಂದಿನ ಜೂನ್‌ನಲ್ಲಿ ಗ್ನಿಯೆಜ್ನೊದಲ್ಲಿ ಪ್ಷೆಮಿಸ್ವಾಫ್‌ಗೆ ಕಿರೀಟ. ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಆ ಊರು ಪಟ್ಟಾಭಿಷೇಕ ಕಂಡಿತು. ಎಂಟು ತಿಂಗಳಲ್ಲೇ ಅವನ ಕೊಲೆಯಾಯಿತು.

ಮೊಳದುದ್ದದ ವ್ಲಾಡಿಸ್ಲಾವ್ ಕಥೆಯೂ ಹಾಗೆಯೇ. ಕುಯಾವಿಯಾದ ಡ್ಯೂಕ್‌ನ ಐದು ಗಂಡು ಮಕ್ಕಳಲ್ಲಿ ಅವನೊಬ್ಬ. ಅವನ ಪಾಲಿಗೆ ಬಂದದ್ದು ಬ್ಜೆಶ್ಚ್ ಎಂಬ ಸಣ್ಣ ಸೀಮೆ. 1288ರಲ್ಲಿ ಮಲ ಅಣ್ಣ ಲೆಷೆಕ್ ಮಕ್ಕಳಿಲ್ಲದೆ ಸತ್ತ, ಸಿಯೆರಾಜ್ ಬಂತು. 1294ರಲ್ಲಿ ತಮ್ಮ ಕಾಜಿಮಿರ್ ಲಿಥುವೇನಿಯನ್ನರ ಕೈಯಲ್ಲಿ ಸತ್ತ, ವೆಂಚಿತ್ಸಾ ಬಂತು. ನಡುವೆ ಬೊಹೆಮಿಯಾದ ದೊರೆ ವೆನ್ಸೆಸ್ಲಾಸ್ 1300ರಲ್ಲಿ ಪೋಲೆಂಡ್ ಕಿರೀಟ ಹಾಕಿಕೊಂಡ, ವ್ಲಾಡಿಸ್ಲಾವ್ ದೇಶ ಬಿಟ್ಟು ಅಲೆದ. 1306ರಲ್ಲಿ ಬೊಹೆಮಿಯಾದ ಆ ವಂಶದ ಕೊನೆಯ ದೊರೆಯೂ ಕೊಲೆಯಾದ. ಕುಳ್ಳ ಡ್ಯೂಕ್ ಮತ್ತೆ ಒಂದೊಂದೇ ಸೀಮೆ ಜೋಡಿಸಿದ. ಅವನ ಛಲವನ್ನು ನಾನು ಕಡಿಮೆ ಮಾಡುತ್ತಿಲ್ಲ. 1320ರ ಜನವರಿ 20ರಂದು ಕ್ರಾಕೋವ್‌ನ ವಾವೆಲ್ ಬೆಟ್ಟದ ಮೇಲೆ ಕಿರೀಟ ಧರಿಸಿದ.

ಎಲ್ಲರೂ ಬರಲಿಲ್ಲ. ಹತ್ತಕ್ಕೂ ಹೆಚ್ಚು ಚೂರಾಗಿದ್ದ ಸಿಲೇಸಿಯಾದ ಡ್ಯೂಕ್‌ಗಳಲ್ಲಿ ಹೆಚ್ಚಿನವರು 1327ರಿಂದ ಬೊಹೆಮಿಯಾದ ದೊರೆಗೆ ತಲೆಬಾಗಿದರು. ದೂರದ ದಾಯಾದಿಗಿಂತ ಪಕ್ಕದ ಪರಕೀಯನೇ ವಾಸಿ ಎನಿಸಿರಬೇಕು. ಮಜೋವಿಯಾ ಪೂರ್ತಿಯಾಗಿ ಸೇರಿದ್ದು 1526ರಲ್ಲಿ, ಅಲ್ಲಿಯ ಕೊನೆಯ ಡ್ಯೂಕ್ ಸತ್ತ ಮೇಲೆ. ಲೆಗ್ನಿತ್ಸಾ ಕವಲಿನ ಕೊನೆಯ ಪಿಯಾಸ್ಟ್ ಸತ್ತದ್ದು 1675ರಲ್ಲಿ.

ಹಾಗಾದರೆ ಹಂಚುವ ಅಭ್ಯಾಸ ಬಿಟ್ಟದ್ದು ಯಾವಾಗ? ಕುಳ್ಳ ದೊರೆಯ ಮಗ ಮಹಾ ಕಾಜಿಮಿರ್‌ನನ್ನು ನೋಡಿ. ಗಂಡು ಸಂತಾನ ಇರಲಿಲ್ಲ. ಪಟ್ಟ ಹಂಗೇರಿಯ ಲೂಯಿಗೆ ಎಂದು ಮೊದಲೇ ಮಾತಾಗಿತ್ತು. ಆದರೂ 1370ರಲ್ಲಿ ಸಾಯುವಾಗ ಸಿಯೆರಾಜ್, ವೆಂಚಿತ್ಸಾ, ಡೊಬ್ಜಿನ್ ಸೀಮೆಗಳನ್ನು ಮಗಳ ಮಗ ಕಾಷ್ಕೊಗೆ ಉಯಿಲಿನಲ್ಲಿ ಬರೆದ. ಮೊಮ್ಮಗನ ಮೇಲಿನ ಅಕ್ಕರೆ, ಪಿಯಾಸ್ಟ್ ರಕ್ತದ ಹಳೆಯ ಚಾಳಿ, ಎರಡೂ ಇರಬಹುದು. ಈ ಸಲ ಉಯಿಲನ್ನು ನ್ಯಾಯಕ್ಕೆ ಇಟ್ಟರು. ಸಿಯೆರಾಜ್, ವೆಂಚಿತ್ಸಾ ಕೊಡಲಿಲ್ಲ. ಅವು ಅಷ್ಟೊತ್ತಿಗೆ ‘ಪೋಲೆಂಡ್ ಕಿರೀಟ’ದ ಸೊತ್ತಾಗಿದ್ದವು. ಕಾಷ್ಕೊಗೆ ಡೊಬ್ಜಿನ್ ಮತ್ತು ಇನ್ನೊಂದಿಷ್ಟು ಕೋಟೆಗಳು ಸಿಕ್ಕವು, ಅದೂ ಹೊಸ ದೊರೆಯ ಅಧೀನದಲ್ಲಿ. 1377ರಲ್ಲಿ ಅವನೂ ಸತ್ತ. ಅವನಿಗೂ ಮಕ್ಕಳಿರಲಿಲ್ಲ.